ನಿಮ್ಮ ಸ್ವರ್ಗದಲ್ಲಿ ಒಬ್ಬನೇ ಇದ್ದಾನೆ

ನಮಸ್ಕಾರ.

ನೀವು ಕಳಿಸಿದ 'ಕೊರತೆ ಇಲ್ಲದ ಊರು' ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೊನೆಯವರೆಗೆ ಕಾಯಿಸುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆ. ಆದರೆ ಒಂದು ಸಾಲು ಬರೆದು ವಾಪಸ್ ಕಳಿಸುವ ಕಥೆಯೂ ಇದಲ್ಲ.

ಈ ಅಂಕಣ ಓದುವ ಬೇರೆಯವರಿಗಾಗಿ ಕಥೆ ಏನೆಂದು ಹೇಳಿಬಿಡುತ್ತೇನೆ. ನಲವತ್ತು ವರ್ಷ ಬಟ್ಟೆ ಹೊಲಿದ ಟೈಲರ್ ಒಬ್ಬ ಸಾಯುತ್ತಾನೆ. ಕಣ್ಣು ಬಿಟ್ಟರೆ ಸ್ವರ್ಗ. ನೋವಿಲ್ಲ, ಮುಪ್ಪಿಲ್ಲ, ಬೇಕೆಂದದ್ದು ಬೇಕೆಂದ ಕೂಡಲೇ ಎದುರಿಗೆ. ಅವನಿಗಿಂತ ಮುಂಚೆ ತೀರಿಹೋದ ಹೆಂಡತಿಯೂ ಅಲ್ಲಿ ಸಿಗುತ್ತಾಳೆ. ಸ್ವಲ್ಪ ದಿನಕ್ಕೇ ಅವನಿಗೆ ಬೇಜಾರು ಹತ್ತುತ್ತದೆ. ಬಾಗಿಲು ಕಾಯುವವನ ಹತ್ತಿರ ಹೋಗಿ, "ಇಲ್ಲಿ ಬದುಕಿಗೆ ಅರ್ಥವೂ ಇಲ್ಲ, ನನಗೆ ಸ್ವಾತಂತ್ರ್ಯವೂ ಇಲ್ಲ, ಭೂಮಿಗೆ ಕಳಿಸು" ಎನ್ನುತ್ತಾನೆ. ಕಾವಲುಗಾರ ಒಪ್ಪಿ ಕಳಿಸುತ್ತಾನೆ.

ಆರನೇ ಪುಟದಲ್ಲಿ ಒಂದು ದೃಶ್ಯ ಇದೆ. ಅಲ್ಲಿ ಯಾರ ಬಟ್ಟೆಯೂ ಹರಿಯುವುದಿಲ್ಲ, ಹಾಗಾಗಿ ಅವನಿಗೆ ಕೆಲಸವಿಲ್ಲ. ತಡೆಯಲಾಗದೆ ತನ್ನ ಅಂಗಿಯ ತೋಳನ್ನು ತಾನೇ ಪರ್ರನೆ ಹರಿದುಕೊಳ್ಳುತ್ತಾನೆ. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಗೆ ಪೋಣಿಸುತ್ತಾನೆ. ತಲೆ ಎತ್ತಿ ನೋಡಿದರೆ ತೋಳು ಆಗಲೇ ಕೂಡಿಕೊಂಡಿದೆ, ಹರಿದ ಗುರುತೂ ಇಲ್ಲ. ಆಮೇಲೆ ತನ್ನ ಬೆರಳ ತುದಿ ಮುಟ್ಟಿ ನೋಡಿಕೊಳ್ಳುತ್ತಾನೆ. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿದ್ದ ಚರ್ಮವೂ ಹೋಗಿದೆ, ಮಗುವಿನ ಬೆರಳಿನಂತೆ ಮೆತ್ತಗಾಗಿದೆ. ಇದನ್ನು ಓದಿ ನಾನು ಪುಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ನೀವು ಬರೆಯಬಲ್ಲಿರಿ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಹಾಗಾದರೆ ತೊಂದರೆ ಎಲ್ಲಿ? ಆ ದೃಶ್ಯ ಕೇಳುವ ಪ್ರಶ್ನೆಯನ್ನು ನೀವು ಮುಂದಿನ ಪುಟದಲ್ಲೇ ಬಿಟ್ಟುಬಿಡುತ್ತೀರಿ. 'ಎಲ್ಲವೂ ಸಿಕ್ಕರೆ ಬೇಜಾರಾಗುತ್ತದೆ' ಎಂಬ ಗೊತ್ತಿರುವ ಮಾತಿಗೆ ಬಂದು ನಿಲ್ಲುತ್ತೀರಿ. ಆ ಮಾತಿನಲ್ಲೂ ಹುರುಳಿದೆ, ಇಲ್ಲ ಅನ್ನುವುದಿಲ್ಲ. ಬ್ರಿಟನ್ನಿನ ತತ್ವಶಾಸ್ತ್ರಜ್ಞ ಬರ್ನಾರ್ಡ್ ವಿಲಿಯಮ್ಸ್ 1973ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ ಇದನ್ನೇ ಎತ್ತಿಕೊಂಡರು. ಅವರು ಉದಾಹರಣೆಗೆ ತೆಗೆದುಕೊಂಡದ್ದು ಜೆಕ್ ಲೇಖಕ ಕಾರೆಲ್ ಚಾಪೆಕ್ 1922ರಲ್ಲಿ ಬರೆದ ನಾಟಕದ ಹೆಂಗಸನ್ನು. ಒಂದು ಔಷಧಿಯ ಬಲದಿಂದ ಮುನ್ನೂರಕ್ಕೂ ಜಾಸ್ತಿ ವರ್ಷ ಬದುಕಿ, ಯಾವುದರಲ್ಲೂ ಮನಸ್ಸು ನಿಲ್ಲದೆ ತಣ್ಣಗಾಗಿಹೋದವಳು ಅವಳು. ವಿಲಿಯಮ್ಸ್ ವಾದ ಇಷ್ಟು: ನನ್ನ ಸ್ವಭಾವ ಹೀಗೇ ಉಳಿದರೆ ಒಂದಲ್ಲ ಒಂದು ದಿನ ಎಲ್ಲವೂ ಹಳತಾಗುತ್ತದೆ. ಸ್ವಭಾವವೇ ಪೂರ್ತಿ ಬದಲಾದರೆ, ಅಲ್ಲಿ ಸುಖಪಡುತ್ತಿರುವುದು ನಾನೇ ಅಂತ ಹೇಗೆ ಹೇಳುವುದು? ಈ ಎರಡನೇ ಅರ್ಧವನ್ನು ನೀವು ಮುಟ್ಟಿಯೇ ಇಲ್ಲ. ಬೆರಳಿನ ಗಟ್ಟಿ ಚರ್ಮ ಹೋಗಿದೆ ಅಂತ ಬರೆದವರು ನೀವೇ. ಅದು ಹೋದ ಮೇಲೆ ಅವನು ಎಷ್ಟರ ಮಟ್ಟಿಗೆ ಅದೇ ಟೈಲರ್?

ಬೇಜಾರಿನ ಬಗ್ಗೆ ಇನ್ನೊಂದು ಮಾತು. ಇದು ಸಂಪಾದಕನಾಗಿ ಅಲ್ಲ, ಮಗನಾಗಿ ಹೇಳುವುದು. ನನ್ನ ತಾಯಿ ಕೊನೆಯ ತಿಂಗಳುಗಳಲ್ಲಿ ರಾತ್ರಿಯಿಡೀ ಮಂಚದ ಕಬ್ಬಿಣದ ಪಟ್ಟಿ ಹಿಡಿದುಕೊಂಡು, ಮುಂದಿನ ಮಾತ್ರೆಗೆ ಇನ್ನೆಷ್ಟು ಹೊತ್ತು ಅಂತ ಕೇಳುತ್ತಿದ್ದರು. ನೋವಿಲ್ಲದ ಜಾಗ ಒಂದಿದೆ ಅಂತ ಅವರು ನಂಬಿದ್ದರು. ಅಲ್ಲಿ ಬೇಜಾರಾಗುತ್ತದಾ ಅನ್ನುವುದು ಅವರಿಗೆ ಪ್ರಶ್ನೆಯೇ ಆಗಿರಲಿಲ್ಲ. ನಿಮ್ಮ ಟೈಲರ್ "ನೋವೇ ಜೀವನದ ರುಚಿ" ಅನ್ನುವಾಗ ನನಗೆ ಸಿಟ್ಟು ಬಂತು. ಸ್ವರ್ಗವನ್ನು ಬೇಡ ಅನ್ನುವ ಕಥೆ, ಅದನ್ನು ಬೇಕು ಅನ್ನುವವರ ನೋವನ್ನು ಮೊದಲು ಪೂರ್ತಿ ನೋಡಿರಬೇಕು. ನಿಮ್ಮ ಟೈಲರ್ ಹೇಗೆ ಸತ್ತ ಅಂತ ಕೂಡ ಕಥೆಯಲ್ಲಿಲ್ಲ.

ಇನ್ನು ಸ್ವಾತಂತ್ರ್ಯದ ವಿಷಯ. ಬಾಗಿಲು ಕಾಯುವವನನ್ನು ನೀವು ತೀರಾ ಬಡಪಾಯಿ ಮಾಡಿದ್ದೀರಿ. ಟೈಲರ್ "ಇಲ್ಲಿ ತಪ್ಪು ಮಾಡಲೂ ಆಗುವುದಿಲ್ಲ, ಹಾಗಾದರೆ ನಾನು ಸ್ವತಂತ್ರ ಹೇಗೆ?" ಅಂತ ಕೇಳಿದ ಕೂಡಲೇ ಅವನು ತಲೆತಗ್ಗಿಸುತ್ತಾನೆ. ಅವನ ಕಡೆಗೂ ಗಟ್ಟಿ ಮಾತಿದೆ. 5ನೇ ಶತಮಾನದ ಕ್ರೈಸ್ತ ಚಿಂತಕ ಆಗಸ್ಟೀನ್ ಇದಕ್ಕೆ ಆಗಲೇ ಉತ್ತರ ಕೊಟ್ಟಿದ್ದಾರೆ. ಪಾಪ ಮಾಡಲಾಗದ ಸ್ಥಿತಿಯಲ್ಲಿ ಸ್ವಾತಂತ್ರ್ಯ ಕಳೆದುಹೋಗುವುದಿಲ್ಲ, ಇನ್ನೂ ದೊಡ್ಡದಾಗುತ್ತದೆ ಎನ್ನುತ್ತಾರೆ ಅವರು. ಯೋಚಿಸಿ ನೋಡಿ. ತನ್ನ ಮಗುವಿಗೆ ವಿಷ ಹಾಕಲು ಒಬ್ಬ ತಾಯಿಗೆ ಕೈಯೇ ಬರುವುದಿಲ್ಲ. ಅವಳನ್ನು ಯಾರಾದರೂ ಕಟ್ಟಿಹಾಕಿದ್ದಾರಾ? ಇಲ್ಲ. ಕಾವಲುಗಾರನ ಬಾಯಲ್ಲಿ ಈ ಮಾತು ಬರಲಿ. ಆಗ ಟೈಲರ್ ಕೂಡ ಎದ್ದು ನಿಲ್ಲಬೇಕಾಗುತ್ತದೆ. "ಆ ತಾಯಿ ಹಾಗಾಗಿದ್ದು ರಾತ್ರಿ ನಿದ್ದೆಗೆಟ್ಟು, ಮಗುವಿಗೆ ಬಡಿಯಲು ಎತ್ತಿದ ಕೈಯನ್ನು ಎಷ್ಟೋ ಸಲ ತಾನೇ ಇಳಿಸಿ. ನನ್ನನ್ನು ನೀವು ಒಂದೇ ಕ್ಷಣದಲ್ಲಿ ಒಳ್ಳೆಯವನನ್ನಾಗಿ ಮಾಡಿಬಿಟ್ಟರೆ ಅದು ನನ್ನದು ಹೇಗೆ?" ಎಂಬಂಥ ಏನಾದರೂ ಹೇಳಬಹುದು. ನಿಮಗೆ ಇದಕ್ಕಿಂತ ಚೆನ್ನಾಗಿರುವುದು ಹೊಳೆಯಬಹುದು.

ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಆ ಹೆಂಡತಿ. ಅವಳು ಬರುತ್ತಾಳೆ, ನಗುತ್ತಾಳೆ, ಗಂಡ ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾಳೆ. ಭೂಮಿಯ ಮೇಲಿದ್ದಾಗ ಅವಳು "ಈ ಕಾಲರ್ ಸೊಟ್ಟ ಇದೆ, ಬಿಚ್ಚಿ ಹೊಲಿಯಿರಿ" ಅಂತ ಜಗಳ ಮಾಡುತ್ತಿದ್ದಳು ಎಂದು ಮೊದಲ ಪುಟದಲ್ಲಿ ನೀವೇ ಬರೆದಿದ್ದೀರಿ. ಅದೇ ಹೆಂಗಸಾ ಇವಳು? ಗಂಡ ಬಯಸಿದ್ದಕ್ಕೆ ಬಂದವಳಾದರೆ ಅವಳು ಅವಳಲ್ಲ, ಅವನ ಆಸೆಗೆ ಅವಳ ಮುಖ ಅಷ್ಟೇ. ನಿಜವಾಗಿ ಅವಳೇ ಆಗಿದ್ದರೆ ಅವಳಿಗೂ ತನ್ನದೇ ಬಯಕೆಗಳಿರುತ್ತವೆ. ಇವನ ಜೊತೆ ಇರುವುದು ಬೇಡ ಅನ್ನುವ ಹಕ್ಕೂ ಇರುತ್ತದೆ. ಆಗ ಒಬ್ಬರ ಪೂರ್ಣ ಸುಖ ಇನ್ನೊಬ್ಬರ ಇಷ್ಟದ ಮೇಲೆ ನಿಲ್ಲುತ್ತದೆ. ಅಂಥ ಸ್ವರ್ಗದಲ್ಲಿ ಅರ್ಥವಿದೆಯಾ, ಸ್ವಾತಂತ್ರ್ಯವಿದೆಯಾ ಅಂತ ಕೇಳಿದರೆ ನನಗೆ ನಿಜಕ್ಕೂ ಕುತೂಹಲ. ನಿಮ್ಮ ಈಗಿನ ಸ್ವರ್ಗದಲ್ಲಿ ಟೈಲರ್ ಒಬ್ಬನೇ ಇದ್ದಾನೆ. ಒಬ್ಬನೇ ಇರುವ ಜಾಗ ಎಷ್ಟು ಚೆನ್ನಾಗಿದ್ದರೂ ಅಲ್ಲಿ ಯಾರಿಗೂ ಅವನು ಬೇಕಾಗಿಲ್ಲ, ಅಲ್ವಾ?

ಮಹಾಭಾರತದಲ್ಲಿ ಎರಡು ಜಾಗ ಇವೆ, ತೆಗೆದು ಓದಿ. ಅರಣ್ಯಪರ್ವದ ಮುದ್ಗಲ ಎಂಬ ಋಷಿ ಆಯ್ದ ಕಾಳಿನಲ್ಲಿ ಬದುಕುತ್ತಾ, ಅದರಲ್ಲೇ ಅತಿಥಿಗಳಿಗೆ ಬಡಿಸಿದವನು. ವಿಮಾನ ತಂದ ದೇವದೂತನನ್ನು ಅವನು ಸ್ವರ್ಗದ ಗುಣದೋಷ ಎರಡನ್ನೂ ಕೇಳುತ್ತಾನೆ. ಇದು ಕರ್ಮಭೂಮಿ, ಅದು ಫಲಭೂಮಿ, ಅಲ್ಲಿ ಮಾಡಿದ್ದನ್ನು ಉಣ್ಣಬಹುದು, ಹೊಸದಾಗಿ ಏನೂ ಮಾಡುವಂತಿಲ್ಲ, ಪುಣ್ಯ ತೀರಿದರೆ ಬೀಳಬೇಕು ಎನ್ನುತ್ತಾನೆ ದೂತ. ಮುದ್ಗಲ ವಿಮಾನವನ್ನು ಹಿಂದಕ್ಕೆ ಕಳಿಸುತ್ತಾನೆ. ಬಡಿಸಿದ ಕೈಗೆ ಹಸಿದವರೇ ಇಲ್ಲದ ಊರಿನಲ್ಲಿ ಏನು ಕೆಲಸ ಅಂತ ನಾನು ಅದನ್ನು ಓದಿಕೊಳ್ಳುತ್ತೇನೆ. ಇನ್ನೊಂದು ಕೊನೆಯ ಪರ್ವದ ಧರ್ಮರಾಯ. ತಮ್ಮಂದಿರು ನರಕದಲ್ಲಿ ನರಳುವುದನ್ನು ಕಂಡು, ಅವರಿದ್ದಲ್ಲೇ ನನ್ನ ಸ್ವರ್ಗ ಎಂದು ಅಲ್ಲೇ ನಿಲ್ಲುತ್ತಾನೆ. ಇಬ್ಬರಿಗೂ ಬೇಜಾರಾಗಿರಲಿಲ್ಲ ಅನ್ನುವುದನ್ನು ಗಮನಿಸಿ.

ಸಣ್ಣಪುಟ್ಟವು ಬೇಗ ಹೇಳುತ್ತೇನೆ. ಮೊದಲ ಎರಡು ಪುಟದ ತೋಟ, ಕಾರಂಜಿ, ಬೆಳಕಿನ ವರ್ಣನೆ ತೆಗೆಯಿರಿ. 'ಅದ್ಭುತ' ಎಂಬ ಪದ ಜಾಸ್ತಿಯಾಯಿತು. ಕೊನೆಯ ಪ್ಯಾರಾದಲ್ಲಿ ಕಥೆಯ ಅರ್ಥ ನೀವೇ ಬಿಡಿಸಿ ಹೇಳಿದ್ದೀರಿ, ಅದು ಬೇಡ. ಭೂಮಿಗೆ ವಾಪಸ್ ಬರುವುದೂ ಬೇಕೇಬೇಕು ಅಂತೇನಿಲ್ಲ. ಅವನು ಅಲ್ಲೇ ಉಳಿದರೂ ಕಥೆ ನಿಲ್ಲಬಹುದು.

ಹೆಂಡತಿಗೆ ಅವಳ ಬಾಯಿ ವಾಪಸ್ ಕೊಟ್ಟು ಬರೆಯಿರಿ. ಅವಸರ ಬೇಡ. ಬರೆದದ್ದನ್ನು ನೇರ ನನ್ನ ಹೆಸರಿಗೇ ಕಳಿಸಿ. ಆರನೇ ಪುಟದ ಆ ಹರಿದ ತೋಳನ್ನು ಮಾತ್ರ ಮುಟ್ಟಬೇಡಿ.