'ರಿವರ್ಸ್ ಆಫ್ ಲಂಡನ್' ಓದಲು ಕಷ್ಟವೇ? ಎಷ್ಟು ದಪ್ಪ ಇದೆ?

ಕನ್ನಡ ಮೀಡಿಯಂನಲ್ಲಿ ಓದಿದ್ದೇನೆ, ಇಂಗ್ಲಿಷ್ ಕಾದಂಬರಿ ಇದುವರೆಗೆ ಎರಡೇ ಓದಿದ್ದು, ಪೊಲೀಸ್ ತನಿಖೆ ಮತ್ತು ಮಾಯಾಮಂತ್ರ ಸೇರಿದ ಈ ಪುಸ್ತಕ ನನ್ನಿಂದ ಆದೀತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ನಾನೂ ಉಡುಪಿಯ ಕನ್ನಡ ಶಾಲೆಯಲ್ಲೇ ಓದಿದವಳು. ಕೆಲಸ ಮಂಗಳೂರಿನಲ್ಲಿ. ದಿನಾ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುವಾಗಲೇ ಇದನ್ನು ಓದಿ ಮುಗಿಸಿದೆ.

ಬೆನ್ ಆರನೋವಿಚ್ ಅವರ ಈ ಪುಸ್ತಕ ಬಂದದ್ದು 2011ರಲ್ಲಿ. ಪೇಪರ್‌ಬ್ಯಾಕ್ ಸುಮಾರು 400 ಪುಟ, 14 ಅಧ್ಯಾಯ. ಅಮೆರಿಕದಲ್ಲಿ ಇದೇ ಕಥೆ 'ಮಿಡ್‌ನೈಟ್ ರಯಟ್' ಅನ್ನುವ ಹೆಸರಲ್ಲಿ ಬಂದಿದೆ. ಬೇರೆ ಪುಸ್ತಕ ಅಂದುಕೊಂಡು ಎರಡೂ ಕೊಳ್ಳಬೇಡಿ. ದಿನಕ್ಕೆ 20 ಪುಟ ಓದಿದರೆ ಮೂರು ವಾರದೊಳಗೆ ಮುಗಿಯುತ್ತದೆ. ಶುರುವಿನಲ್ಲಿ ಅಷ್ಟು ಓಡುವುದಿಲ್ಲ. ಮೊದಲ ದಿನ ಬಸ್ಸು ಪಡುಬಿದ್ರಿಗೆ ಬರುವಾಗ ನನಗೆ ಐದೇ ಪುಟ ಆಗಿತ್ತು.

ಯಾಕೆ ಅಂದರೆ, ಕಥೆ ಹೇಳುವವನು ಪೀಟರ್ ಗ್ರಾಂಟ್, ಲಂಡನ್ನಿನ ಎಳೆಯ ಕಾನ್‌ಸ್ಟೇಬಲ್. ಅವನ ಮಾತೆಲ್ಲ ಅಲ್ಲಿನ ಬೀದಿಯ, ಠಾಣೆಯ ಭಾಷೆ. 'ನಿಕ್' ಅನ್ನುವ ಪದ ಬಂತು. ಮೊಬೈಲಿನಲ್ಲಿ ಡಿಕ್ಷನರಿ ತೆಗೆದರೆ 'ಸಣ್ಣ ಗಾಯ' ಅಂತ ಇತ್ತು. ಎಲ್ಲರೂ ಗಾಯಕ್ಕೆ ವಾಪಸ್ ಹೋಗುವುದು ಹೇಗೆ? ಅದೇ ಸಾಲನ್ನು ಮೂರು ಸಲ ಓದಿದೆ. ಆಮೇಲೆ ಗೊತ್ತಾಯಿತು, ಅಲ್ಲಿನವರು ಪೊಲೀಸ್ ಠಾಣೆಗೇ ನಿಕ್ ಅನ್ನುತ್ತಾರೆ. ಮೇಲಧಿಕಾರಿ 'ಗವ್'. ಡಿಸಿಐ ಅಂದರೆ ಡಿಟೆಕ್ಟಿವ್ ಚೀಫ್ ಇನ್‌ಸ್ಪೆಕ್ಟರ್. ಇಂಥ ಹತ್ತು ಹದಿನೈದು ಪದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡೆ. ಮೂರನೇ ಅಧ್ಯಾಯದಿಂದ ಅದನ್ನು ತಿರುಗಿಸಿ ನೋಡುವುದೇ ಅಪರೂಪವಾಯಿತು. ವಾಕ್ಯಗಳು ಚಿಕ್ಕವು, ಮಾತುಕತೆ ಜಾಸ್ತಿ. ಪೀಟರನಿಗೆ ಕಟ್ಟಡಗಳ ಹುಚ್ಚು. ಅವನು ಕಂಬ, ಕಮಾನು ವರ್ಣಿಸತೊಡಗಿದಾಗ ಅರ್ಥವಾಗದಿದ್ದರೆ ಸುಮ್ನೆ ಮುಂದೆ ಹೋಗಿ, ತನಿಖೆಯ ಎಳೆ ತಪ್ಪುವುದಿಲ್ಲ.

ಮಾಯಾಮಂತ್ರದ ಭಾಗಕ್ಕೆ ನೀವು ಹೆದರಲೇಬೇಡಿ. ಲಂಡನ್ನಿನ ನಡುವಿನ ಕೋವೆಂಟ್ ಗಾರ್ಡನ್ ಅನ್ನುವ ಪೇಟೆಯಲ್ಲಿ ಕೊಲೆಯಾಗುತ್ತದೆ. ಚಳಿಯ ರಾತ್ರಿ ಅಲ್ಲಿ ಕಾವಲು ನಿಂತ ಪೀಟರನ ಹತ್ತಿರ ಒಬ್ಬ ಬಂದು, ನಾನು ನೋಡಿದೆ ಅನ್ನುತ್ತಾನೆ. ಬಂದವನು ದೆವ್ವ. ಪೀಟರ್ ಅವನ ಹೇಳಿಕೆಯನ್ನೂ ಸಾಕ್ಷಿಯ ಹಾಗೇ ಕೇಳಿಸಿಕೊಳ್ಳುತ್ತಾನೆ. ಕೋಲದಲ್ಲಿ ದೈವದ ನುಡಿ ಕೇಳಿ, ಅದರ ಮೇಲೆ ಮನೆಯ ಜಗಳ ತೀರಿಸಿಕೊಂಡ ಊರಿನವರು ನಾವು. ಈ ದೃಶ್ಯ ನನಗೆ ಒಂದು ಕ್ಷಣವೂ ಹೊರಗಿನದು ಅನಿಸಲಿಲ್ಲ.

ಥೇಮ್ಸ್ ನದಿಗೆ ಇಲ್ಲಿ ಇಬ್ಬರು ಒಡೆಯರು. ಕೆಳಗೆ ಸಮುದ್ರದ ಕಡೆಗೆ ಮಾಮಾ ಥೇಮ್ಸ್ (ಮಾಮಾ ಅಂದರೆ ಇಲ್ಲಿ ಅಮ್ಮ), ಮೇಲೆ ಹುಟ್ಟುವ ಕಡೆಗೆ ಫಾದರ್ ಥೇಮ್ಸ್. ಇಬ್ಬರಿಗೂ ಗಡಿಯ ತಕರಾರು. ಸಮುದ್ರದ ಭರತ ನಿಜವಾಗಿಯೂ ಲಂಡನ್ನಿನ ಪಶ್ಚಿಮದ ಟೆಡ್ಡಿಂಗ್ಟನ್ ಅನ್ನುವ ಜಾಗದ ತನಕ ನದಿಯೊಳಗೆ ಏರುತ್ತದೆ, ಗಡಿಯ ಮಾತು ಅಲ್ಲಿಂದಲೇ ಹುಟ್ಟಿದ್ದು. ನನ್ನ ದೊಡ್ಡಮ್ಮನ ಮನೆ ಉಳ್ಳಾಲದ ಹತ್ತಿರ, ನೇತ್ರಾವತಿಯ ದಡದಲ್ಲಿ. ಬೇಸಿಗೆಯಲ್ಲಿ ಉಪ್ಪುನೀರು ಮೇಲೆ ಬಂದು ಬಾವಿಯ ನೀರು ಉಪ್ಪುಪ್ಪಾಗುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನದಿ ಎಲ್ಲಿಯ ತನಕ ಸಮುದ್ರದ್ದು, ಎಲ್ಲಿಂದ ಬೆಟ್ಟದ್ದು ಅನ್ನುವ ಆ ಜಗಳ ನನಗೆ ನಮ್ಮ ಮನೆಯ ಹಿತ್ತಲಿನದೇ ಆಗಿ ಕಂಡಿತು. ಪುಸ್ತಕದಲ್ಲಿ ನನಗೆ ತುಂಬ ಇಷ್ಟವಾದ ಭಾಗವೂ ಅದೇ.

ಓದುವ ಮೊದಲು ಒಂದು ಕೆಲಸ ಮಾಡಿ. 'ಪಂಚ್ ಅಂಡ್ ಜೂಡಿ' ಅನ್ನುವ ಇಂಗ್ಲಿಷರ ಗೊಂಬೆಯಾಟದ ವಿಡಿಯೋ ಹತ್ತು ನಿಮಿಷ ನೋಡಿ. ನಮ್ಮ ಉಪ್ಪಿನಕುದ್ರುವಿನದು ಸೂತ್ರದ ಗೊಂಬೆ, ಅವರದು ಕೈಗೆ ತೊಡಿಸುವ ಗೊಂಬೆ. ಆ ಆಟ ಗೊತ್ತಿಲ್ಲದೆ ಏಳನೇ ಅಧ್ಯಾಯದ ಸುತ್ತಮುತ್ತ ನಾನು ಒದ್ದಾಡಿದೆ. ಯಾಕೆ ಅಂತ ಹೇಳಿದರೆ ಕಥೆ ಬಿಟ್ಟುಕೊಟ್ಟ ಹಾಗಾಗುತ್ತದೆ.

ರಕ್ತಪಾತ ಇದೆ, ಮಗುವಿನ ಸಾವೂ ಇದೆ. ಮನೆಯ ಮಕ್ಕಳಿಗೆ ಕೊಡುವುದಾದರೆ ಮೊದಲು ನೀವು ಓದಿ. ಮತ್ತೆ, ಸರಣಿಯ ಎರಡನೆಯದಾದ 'ಮೂನ್ ಓವರ್ ಸೋಹೋ' ಅಗ್ಗಕ್ಕೆ ಸಿಕ್ಕಿತು ಅಂತ ಅದನ್ನೇ ಮೊದಲು ಹಿಡಿಯಬೇಡಿ. ಇದರ ಕೊನೆಯಲ್ಲಿ ಏನಾಯಿತು ಅನ್ನುವುದು ಅಲ್ಲಿ ಗೊತ್ತಾಗಿಬಿಡುತ್ತದೆ.