ಲಾಭ ಇದೆ, ಸಂಬಳಕ್ಕೆ ದುಡ್ಡಿಲ್ಲ: ಓದುಗರ ಪ್ರಶ್ನೆ, ಮ್ಯಾನೇಜರ್ ಉತ್ತರ

ಪೀಣ್ಯದಲ್ಲಿ ವಾಹನದ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ನಾನು ಬಿಸಿನೆಸ್ ಮ್ಯಾನೇಜರ್. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ದುಡ್ಡಿನ ತೊಂದರೆ ಬಗ್ಗೆಯೇ ಇದ್ದವು. ಅದಕ್ಕೇ ಮೊದಲ ಉತ್ತರ ಸ್ವಲ್ಪ ಉದ್ದ ಆಗಿದೆ, ಓದಿಕೊಳ್ಳಿ.

ಪ್ರಶ್ನೆ: ಪೀಣ್ಯ ಎರಡನೇ ಹಂತದಲ್ಲಿ ನಮ್ಮದು ಸಣ್ಣ ಸಿಎನ್‌ಸಿ ಟರ್ನಿಂಗ್ (ಕಂಪ್ಯೂಟರ್ ನಡೆಸುವ ಮೆಷಿನ್‌ನಲ್ಲಿ ಲೋಹದ ರಾಡ್ ಕಡೆಯುವ) ವರ್ಕ್‌ಶಾಪ್. ಆರ್ಡರ್ ಜಾಸ್ತಿ ಆಗಿವೆ. ಲಾಭ ಇದೆ ಅಂತ ಆಡಿಟರ್ ಹೇಳ್ತಾರೆ. ಆದರೆ 7ನೇ ತಾರೀಖು ಬಂದರೆ ಸಂಬಳ ಕೊಡೋಕೆ ಕೈಸಾಲ ಮಾಡಬೇಕು. ಎಲ್ಲಿ ತಪ್ಪುತ್ತಿದೆ ಸರ್?

ಉತ್ತರ: ನಿಮ್ಮ ಕೆಲಸದಲ್ಲಿ ಏನೂ ತಪ್ಪಿಲ್ಲ. ದುಡ್ಡು ಬರುವ ದಿನಕ್ಕೂ ಹೋಗುವ ದಿನಕ್ಕೂ ಅಂತರ ಜಾಸ್ತಿಯಾಗಿದೆ, ಅಷ್ಟೆ. ಒಂದು ಲೆಕ್ಕ ಹಾಕಿ ನೋಡೋಣ. ತಿಂಗಳಿಗೆ 20 ಲಕ್ಷದ ಬಿಲ್ ಮಾಡುತ್ತೀರಿ, ಗಿರಾಕಿ 90 ದಿನಕ್ಕೆ ದುಡ್ಡು ಕೊಡುತ್ತಾರೆ ಅಂದುಕೊಳ್ಳಿ. ಆಗ ಯಾವತ್ತು ನೋಡಿದರೂ ನಿಮಗೆ ಬರಬೇಕಾದ 60 ಲಕ್ಷ ಹೊರಗೇ ಇರುತ್ತದೆ. ಆರ್ಡರ್ ಏರಿ ಬಿಲ್ 30 ಲಕ್ಷ ಆಯಿತು, ಹೊರಗಿರುವುದು 90 ಲಕ್ಷ ಆಯಿತು. ಈ ಹೆಚ್ಚಿನ 30 ಲಕ್ಷದಲ್ಲಿ ನಿಮ್ಮ ಲಾಭದ ಪಾಲು ಬಿಟ್ಟರೆ ಮಿಕ್ಕಿದ್ದೆಲ್ಲ ನೀವು ಆಗಲೇ ಕೈಯಿಂದ ಹಾಕಿದ ದುಡ್ಡು: ರಾಡ್ ಕೊಟ್ಟವರಿಗೆ, ಇನ್ಸರ್ಟ್ (ಕತ್ತರಿಸುವ ಟೂಲ್‌ನ ತುದಿ) ಕೊಟ್ಟವರಿಗೆ, ಕರೆಂಟ್ ಬಿಲ್‌ಗೆ, ಹುಡುಗರ ಸಂಬಳಕ್ಕೆ. ಲಾಭ ಪುಸ್ತಕದಲ್ಲಿ ಇದೆ, ದುಡ್ಡು ಗಿರಾಕಿ ಹತ್ತಿರ ಇದೆ. ಇದರ ಮೇಲೆ ಜಿಎಸ್‌ಟಿ ಬೇರೆ. 18 ಪರ್ಸೆಂಟ್ ಅಂದರೆ 20 ಲಕ್ಷಕ್ಕೆ 3.6 ಲಕ್ಷ. ಇನ್‌ಪುಟ್ ಕ್ರೆಡಿಟ್ (ನೀವು ಕೊಂಡ ಮಾಲಿನ ಮೇಲೆ ಆಗಲೇ ಕೊಟ್ಟ ಜಿಎಸ್‌ಟಿ) ಕಳೆದು ಉಳಿದಿದ್ದನ್ನು, ತಿಂಗಳು ತಿಂಗಳು ರಿಟರ್ನ್ ಹಾಕುವವರು ಮುಂದಿನ ತಿಂಗಳು 20ನೇ ತಾರೀಖಿನೊಳಗೆ ಕಟ್ಟಲೇಬೇಕು, ಗಿರಾಕಿ ಕೊಟ್ಟಿರಲಿ ಬಿಟ್ಟಿರಲಿ. ಬೆಳೆಯುತ್ತಿರುವ ವರ್ಕ್‌ಶಾಪ್‌ಗಳೇ ಈ ಸುಳಿಗೆ ಸಿಕ್ಕಿಕೊಳ್ಳುವುದು. ಆರ್ಡರ್ ಇಲ್ಲದವರಿಗೆ ಈ ಕಷ್ಟ ಇಷ್ಟು ಬರುವುದಿಲ್ಲ.

ಕಾನೂನು ನಿಮ್ಮ ಕಡೆ ಇದೆ. 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ ಬರವಣಿಗೆಯಲ್ಲಿ ಒಪ್ಪಂದ ಇದ್ದರೂ 45 ದಿನಕ್ಕಿಂತ ಜಾಸ್ತಿ ಕಾಯಿಸುವ ಹಾಗಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ತಡ ಮಾಡಿದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಇದನ್ನು ಕೇಳೋಕೆ ಸಣ್ಣವರು ಹೆದರುತ್ತಾರೆ, ದೂರು ಕೊಟ್ಟರೆ ಮುಂದಿನ ಆರ್ಡರ್ ಹೋಗುತ್ತದೆ ಅಂತ. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮ ಜಗಳ ಇಲ್ಲದೆ ಕೆಲಸ ಮಾಡುತ್ತದೆ. ಮೈಕ್ರೋ ಮತ್ತು ಸ್ಮಾಲ್ ಘಟಕಗಳಿಗೆ ಈ ಗಡುವಿನೊಳಗೆ ದುಡ್ಡು ಕೊಡದಿದ್ದರೆ, ಕೊಟ್ಟ ವರ್ಷದಲ್ಲಿ ಮಾತ್ರ ಆ ಖರ್ಚನ್ನು ಗಿರಾಕಿ ತೋರಿಸಬಹುದು. ಹಾಗಾಗಿ ಮಾರ್ಚ್ ಹತ್ತಿರ ಬಂದಾಗ ಅವರ ಅಕೌಂಟ್ಸ್‌ನವರೇ ನಿಮ್ಮ ಬಿಲ್ ಹುಡುಕಿಕೊಂಡು ಬರುತ್ತಾರೆ. ಅದಕ್ಕೆ ನೀವು ಮಾಡಬೇಕಾದದ್ದು ಇಷ್ಟೇ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಮಾಡಿಸುವ ನೋಂದಣಿ) ಮಾಡಿಸಿ, ಆ ನಂಬರ್ ಪ್ರತಿ ಇನ್‌ವಾಯ್ಸ್ ಮೇಲೆ ಅಚ್ಚು ಹಾಕಿಸಿ, ಸರ್ಟಿಫಿಕೇಟ್ ಪ್ರತಿಯನ್ನು ಗಿರಾಕಿಗೆ ಮೇಲ್ ಮಾಡಿ ಇಡಿ. ನೀವು ತಯಾರಕರು, ಆದ್ದರಿಂದ ಇದು ನಿಮಗೆ ಸಿಗುತ್ತದೆ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಸಿಗುವುದಿಲ್ಲ. ಗಿರಾಕಿ ಕಂಪನಿಯ ವಹಿವಾಟು 250 ಕೋಟಿ ದಾಟಿದ್ದರೆ ಅವರು ಟ್ರೆಡ್ಸ್ ಅನ್ನುವ ಆನ್‌ಲೈನ್ ವೇದಿಕೆಯಲ್ಲಿ ನೋಂದಣಿ ಮಾಡಿಸಿರಬೇಕು. ಅಲ್ಲಿ ಅವರು ಒಪ್ಪಿದ ಬಿಲ್ಲಿನ ಮೇಲೆ ಬ್ಯಾಂಕ್ ನಿಮಗೆ ಮುಂಚೆಯೇ ದುಡ್ಡು ಕೊಡುತ್ತದೆ, ಒಂದಿಷ್ಟು ಬಡ್ಡಿ ಹಿಡಿದುಕೊಂಡು. ಕೇಳಿ ನೋಡಿ.

ಕಾನೂನಿಗಿಂತ ಮೊದಲು ಫೋನ್ ಇದೆ. ನಮ್ಮದೇ ಒಂದು ಬಿಲ್ ಗಿರಾಕಿಯ ಕಡೆ ವಾರಗಟ್ಟಲೆ ನಿಂತಿತ್ತು. ಅಕೌಂಟ್ಸ್ ಕೇಳಿದರೆ "ನಮಗೆ ಬಿಲ್ಲೇ ಬಂದಿಲ್ಲ" ಅಂದರು. ಹೋಗಿ ನೋಡಿದರೆ ಅದು ಸ್ಟೋರ್ಸ್‌ನಲ್ಲಿ ಒಂದು ಟ್ರೇಯಲ್ಲಿ ಕೂತಿದೆ. ಬಿಡಿಭಾಗದ ಡ್ರಾಯಿಂಗ್ ತಿದ್ದುಪಡಿಯಾಗಿ ರಿವಿಷನ್ ಬಿ ಇಂದ ಸಿ ಆಗಿತ್ತು. ನಮ್ಮ ಡೆಲಿವರಿ ಚಲನ್‌ನಲ್ಲಿ ಸಿ ಅಂತ ಇತ್ತು, ಅವರ ಪಿಒದಲ್ಲಿ (ಪರ್ಚೇಸ್ ಆರ್ಡರ್) ಇನ್ನೂ ಬಿ. ಹೊಂದಲಿಲ್ಲ ಅಂತ ಅಲ್ಲಿನ ಹುಡುಗ ಜಿಆರ್‌ಎನ್ (ಮಾಲು ಬಂದಿದೆ ಅಂತ ಬರೆಯುವ ಚೀಟಿ) ಮಾಡದೆ ಪಕ್ಕಕ್ಕೆ ಇಟ್ಟಿದ್ದ, ಯಾರಿಗೆ ಹೇಳಬೇಕು ಅಂತ ಅವನಿಗೆ ಗೊತ್ತಿರಲಿಲ್ಲ. ಪರ್ಚೇಸ್‌ನವರು ಪಿಒ ತಿದ್ದಿ ಕಳಿಸಿದರು, ಅವತ್ತೇ ಬಿಲ್ ಮುಂದೆ ಹೋಯಿತು. ನೋಡಿ, ಸುಮಾರು ಬಿಲ್‌ಗಳು ನಿಲ್ಲುವುದು ಇಂಥ ಕಾರಣಕ್ಕೇ. ಮಾಲು ಕಳಿಸಿದ ಮೂರ್ನಾಲ್ಕು ದಿನಕ್ಕೆ "ಜಿಆರ್‌ಎನ್ ಆಯ್ತಾ ಸರ್?" ಅಂತ ಒಂದು ಫೋನ್ ಮಾಡಿ. 90ನೇ ದಿನ ಕೇಳುವುದಕ್ಕಿಂತ ಇದು ಎಷ್ಟೋ ವಾಸಿ.

ಇನ್ನೆರಡು ಮಾತು. ಹೊಸ ಆರ್ಡರ್ ಬಂದಾಗ ರೇಟಿನ ಜೊತೆಗೇ ದಿನದ ಮಾತೂ ಆಡಿ. 45 ದಿನಕ್ಕೆ ಒಪ್ಪದಿದ್ದರೆ "ರಾಡ್ ನೀವೇ ಕೊಡಿ, ನಾವು ಜಾಬ್‌ವರ್ಕ್ ಮಾಡಿಕೊಡ್ತೀವಿ" ಅನ್ನಿ. ಕೂಲಿಗೆ ಮಾತ್ರ ಬಿಲ್ ಮಾಡುವುದರಿಂದ ಬಿಲ್ ಚಿಕ್ಕದಾಗುತ್ತದೆ, ನಿಮ್ಮ ಕೈಯಿಂದ ಹೋಗುವ ದುಡ್ಡೂ ಕಡಿಮೆಯಾಗುತ್ತದೆ. ಮತ್ತೆ ಬ್ಯಾಂಕಿಗೆ ಓಡಿ ಸಾಲದ ಲಿಮಿಟ್ ಜಾಸ್ತಿ ಮಾಡಿಸುವುದಾದರೆ ಆರ್ಡರ್ ಕೈಗೆ ಬಂದ ದಿನವೇ ಹೋಗಿ. 6ನೇ ತಾರೀಖು ಸಂಜೆ ಹೋದರೆ ಯಾರೂ ಸಹಾಯ ಮಾಡಲಾರರು.

ಪ್ರಶ್ನೆ: ವೈಟ್‌ಫೀಲ್ಡ್‌ನ ಕಂಪನಿಯೊಂದರಲ್ಲಿ ಈಚೆಗೆ ಟೀಮ್ ಲೀಡ್ ಆದೆ. ನನಗಿಂತ ತುಂಬಾ ದೊಡ್ಡವರೊಬ್ಬರು ಈಗ ನನ್ನ ಟೀಮಿನಲ್ಲಿದ್ದಾರೆ, ನನಗೆ ಕೆಲಸ ಕಲಿಸಿದವರೂ ಅವರೇ. ಅವರ ಕೆಲಸ ತಡವಾದರೆ ಹೇಳೋಕೆ ಬಾಯಿ ಬರಲ್ಲ. ಏನು ಮಾಡಲಿ?

ಉತ್ತರ: ಮೊದಲು ಹೇಗೆ ಕರೆಯುತ್ತಿದ್ದಿರೋ ಹಾಗೇ ಕರೆಯಿರಿ. ಸರ್ ಅನ್ನುತ್ತಿದ್ದರೆ ಈಗಲೂ ಸರ್. ಹುದ್ದೆ ಬಂತು ಅಂತ ಮಾತಿನ ಮರ್ಯಾದೆ ಕಡಿಮೆ ಆಗಬೇಕಿಲ್ಲ. ಆದರೆ ವಿಷಯವನ್ನು ಮುಚ್ಚಿಡಬೇಡಿ. ಬೆಳಗಿನ ಮೀಟಿಂಗ್‌ನಲ್ಲಿ ಎಲ್ಲರ ಎದುರಿಗೆ ಬೇಡ, ವಾಟ್ಸಾಪ್ ಗ್ರೂಪಿನಲ್ಲಂತೂ ಬೇಡವೇ ಬೇಡ. ಒಬ್ಬರೇ ಇದ್ದಾಗ ಹೋಗಿ ಹೇಳಿ: "ಸರ್, ಮಂಗಳವಾರದ ರಿಪೋರ್ಟ್ ಇನ್ನೂ ಬಂದಿಲ್ಲ, ಟೆಸ್ಟಿಂಗ್‌ನವರು ಕಾಯ್ತಿದ್ದಾರೆ. ಎಲ್ಲಾದರೂ ತೊಡಕಾಗಿದೆಯಾ?" ಇಷ್ಟು ಹೇಳಿ ಸುಮ್ಮನಿರಿ. ಆ ಮೌನ ತುಂಬಲು ನೀವು ಹೋಗಬೇಡಿ, ಅವರು ಹೇಳಲಿ. ಮೊದಲ ಸಲ ಕಷ್ಟ ಆಗುತ್ತದೆ, ಎರಡನೇ ಸಲ ಅಷ್ಟಿರುವುದಿಲ್ಲ.

ಇದಕ್ಕಿಂತ ಮುಖ್ಯ ಏನೆಂದರೆ, ಅವರು ಕೆಟ್ಟ ಸುದ್ದಿ ಹೇಳಿದಾಗ ನಿಮ್ಮ ಮುಖ ಹೇಗಿರುತ್ತದೆ ಅನ್ನುವುದು. ನಮ್ಮ ಶಾಪ್ ಫ್ಲೋರ್‌ನಲ್ಲಿ ಟೂಲ್ ಸವೆದಿದೆ ಅಂತ ಮೊದಲು ಗೊತ್ತಾಗುವುದು ಮೆಷಿನ್ ಮುಂದೆ ನಿಂತ ಆಪರೇಟರ್‌ಗೆ. ಕಟಿಂಗ್ ಸದ್ದು ಬದಲಾಗುತ್ತದೆ, ಚಿಪ್ಸ್ ಬಣ್ಣ ಬದಲಾಗುತ್ತದೆ. ಅವನು ಬಂದು ಹೇಳಿದಾಗ "ಈಗಷ್ಟೇ ಹಾಕಿದ್ದಲ್ವಾ?" ಅಂತ ರೇಗಿದರೆ ಮುಂದಿನ ಸಲ ಅವನು ಹೇಳುವುದಿಲ್ಲ, ರಿಜೆಕ್ಟ್ ಆದ ಪೀಸ್‌ಗಳು ಹೇಳುತ್ತವೆ. ಕೆಟ್ಟ ಸುದ್ದಿ ಬೇಗ ಬಂದು ತಲುಪುವ ಹಾಗೆ ನೋಡಿಕೊಳ್ಳುವುದೇ ಮ್ಯಾನೇಜರ್ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಭಾಗ ಅಂತ ನಾನು ನಂಬಿದ್ದೇನೆ. ಟಾರ್ಗೆಟ್, ರಿವ್ಯೂ ಎಲ್ಲ ಆಮೇಲೆ. ನಿಮ್ಮ ಆ ಹಿರಿಯರಿಗೂ ಮನೆಯಲ್ಲೋ ಆರೋಗ್ಯದಲ್ಲೋ ಏನಾದರೂ ಇರಬಹುದು, ನಿಮಗೆ ಹೇಳಬಹುದು ಅಂತ ಅವರಿಗೆ ಅನ್ನಿಸಬೇಕು.

ಪ್ರಶ್ನೆ: ಡಿಪ್ಲೊಮಾ ಮುಗಿಸಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಮ್ಯಾನೇಜರ್ ಆಗೋಕೆ ಎಂಬಿಎ ಬೇಕೇ ಬೇಕಾ? (ದಾಸರಹಳ್ಳಿಯ ಓದುಗರು)

ಉತ್ತರ: ಕೆಲವು ದೊಡ್ಡ ಕಂಪನಿಗಳಲ್ಲಿ ಕೇಳುತ್ತಾರೆ, ಎಲ್ಲ ಕಡೆ ಅಲ್ಲ. ಸಾಲ ಮಾಡಿ ಸೇರುವ ಮುಂಚೆ ಸ್ವಲ್ಪ ರುಚಿ ನೋಡಿ. ಬನ್ನೇರುಘಟ್ಟ ರಸ್ತೆಯ ಐಐಎಂನವರು ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್‌ನಲ್ಲಿ ಮ್ಯಾನೇಜ್‌ಮೆಂಟ್ ಕೋರ್ಸ್‌ಗಳನ್ನು ಕೊಡುತ್ತಾರೆ. ಪಾಠ ಕೇಳೋಕೆ ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಶುಲ್ಕ. ಅಕೌಂಟಿಂಗ್‌ನಿಂದ ಶುರು ಮಾಡಿ. ಕ್ವಾಲಿಟಿಯಲ್ಲಿರುವ ನೀವು ರಿಜೆಕ್ಷನ್ ಅನ್ನು ಪರ್ಸೆಂಟ್‌ನಲ್ಲಿ ಹೇಳುತ್ತೀರಿ ಅಲ್ವಾ, ಅದನ್ನೇ ರೂಪಾಯಿಯಲ್ಲಿ ಹೇಳೋಕೆ ಕಲಿತರೆ ಮ್ಯಾನೇಜ್‌ಮೆಂಟ್‌ನವರು ತಿರುಗಿ ನೋಡುತ್ತಾರೆ.

ಪ್ರಶ್ನೆ: ಆಫೀಸ್ ಬಿಟ್ಟರೆ ನಿಮಗೆ ಇಷ್ಟವಾದದ್ದು ಏನು? ಆ ಹವ್ಯಾಸ ಕೆಲಸಕ್ಕೆ ಉಪಯೋಗ ಆಗಿದೆಯಾ? (ಮಲ್ಲೇಶ್ವರದ ಓದುಗರು)

ಉತ್ತರ: ನಾಟಕ. ಜೆ.ಪಿ. ನಗರದ ರಂಗಶಂಕರ 2004ರಲ್ಲಿ ಶುರುವಾದಾಗಿನಿಂದ ಅಲ್ಲಿ ನಾಟಕ ನೋಡುತ್ತಿದ್ದೇನೆ. ಅಲ್ಲಿ ಸಂಜೆ ಏಳೂವರೆಗೆ ಅಂದರೆ ಏಳೂವರೆಗೇ ನಾಟಕ ಶುರು. ಆಮೇಲೆ ಬಂದವರು ಎಷ್ಟೇ ದೊಡ್ಡವರಿರಲಿ, ಒಳಗೆ ಬಿಡುವುದಿಲ್ಲ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಈ ನಿಯಮ ಇಟ್ಟುಕೊಂಡು ಬಂದಿದ್ದಾರಲ್ಲ, ಅದಕ್ಕೇ ಅವರ ಮೇಲೆ ನನಗೆ ಅಷ್ಟು ಗೌರವ. ಪೀಣ್ಯದಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿ ಬನಶಂಕರಿಯಲ್ಲಿ ಇಳಿದು ಆಟೋ ಹಿಡಿದರೆ ಟೈಮಿಗೆ ಮುಟ್ಟಬಹುದು, ಕಾರಿನಲ್ಲಾದರೆ ಹೇಳೋಕಾಗಲ್ಲ. ರವೀಂದ್ರ ಕಲಾಕ್ಷೇತ್ರಕ್ಕೂ ಹೋಗುತ್ತೇನೆ, ಅದರ ಹಿಂದಿರುವ ಸಂಸ ಬಯಲು ರಂಗಮಂದಿರ ನನಗೆ ಇನ್ನೂ ಇಷ್ಟ. ಮೇಲೆ ಆಕಾಶ, ಕೆಳಗೆ ಕಲ್ಲಿನ ಮೆಟ್ಟಿಲು, ಆಚೆ ರಸ್ತೆಯ ಹಾರ್ನ್, ಇಷ್ಟೆಲ್ಲದರ ನಡುವೆ ಒಬ್ಬ ನಟ ಸಾವಿರ ಕಣ್ಣುಗಳನ್ನು ತನ್ನ ಕಡೆ ಹಿಡಿದಿಟ್ಟುಕೊಳ್ಳುತ್ತಾನೆ. ರಾಮನವಮಿ ಬಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನ. ಶ್ರೀ ರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರುವ ಸಂಗೀತೋತ್ಸವ ಅದು. ಮಾರ್ಚ್ 31ರ ಕ್ಲೋಸಿಂಗ್ ಗಲಾಟೆಯ ಹಿಂದೆಮುಂದೆಯೇ ಬರುತ್ತದೆ, ಆದರೂ ಹೇಗೋ ಮಾಡಿ ಹೋಗುತ್ತೇನೆ.

ಕೆಲಸಕ್ಕೆ ಉಪಯೋಗ ಆಗಿದೆಯಾ ಅಂದರೆ, ಆಗಬೇಕು ಅಂತ ನಾನು ಯಾವತ್ತೂ ನೋಡಿಲ್ಲ. ಈಗ ಓಡುವುದು, ಓದುವುದು, ಹಾಡು ಕೇಳುವುದು ಎಲ್ಲಕ್ಕೂ "ಇದರಿಂದ ಲೀಡರ್‌ಶಿಪ್ ಕಲಿಯಬಹುದು" ಅನ್ನುವ ಮಾತು ಜಾಸ್ತಿಯಾಗಿದೆ. ನನಗೆ ಅದು ಒಪ್ಪಿಗೆ ಇಲ್ಲ. ನಾಟಕ ನೋಡುವುದು ನಾಟಕ ನೋಡೋಕೆ. ಆ ಎರಡು ಗಂಟೆ ಫೋನ್ ಆಫ್ ಇರುತ್ತದೆ, ಪಕ್ಕದಲ್ಲಿ ನನ್ನ ಹೆಂಡತಿ ಇರುತ್ತಾಳೆ, ವಾಪಸ್ ಬರುವಾಗ ಇಬ್ಬರೂ ಪಾತ್ರಗಳ ಬಗ್ಗೆ ಜಗಳ ಆಡುತ್ತೇವೆ. ಇಷ್ಟು ಸಾಕು.

ಪ್ರಶ್ನೆ: ಕಾಮಾಕ್ಷಿಪಾಳ್ಯದಲ್ಲಿ ಪೌಡರ್ ಕೋಟಿಂಗ್ (ಲೋಹಕ್ಕೆ ಪುಡಿ ಬಣ್ಣ ಹಾಕಿ ಓವನ್‌ನಲ್ಲಿ ಕಾಯಿಸುವ) ಘಟಕ ನಡೆಸುತ್ತಿದ್ದೇನೆ. ವಯಸ್ಸಾಯಿತು. ಮಗ ಸಾಫ್ಟ್‌ವೇರ್‌ನಲ್ಲಿದ್ದಾನೆ, ಇದಕ್ಕೆ ಬರಲ್ಲ ಅಂತಾನೆ. ಮಾರಿಬಿಡಲಾ?

ಉತ್ತರ: ಯಜಮಾನರೇ, ಮಗ ಬರಲ್ಲ ಅಂತ ನೇರವಾಗಿ ಹೇಳಿದ್ದಾನಲ್ಲ, ಅದು ಒಳ್ಳೆಯದೇ. ಮನಸ್ಸಿಲ್ಲದೆ ಬಂದು ಕೂತು ಐದು ವರ್ಷ ಆದಮೇಲೆ ಬಿಟ್ಟು ಹೋದರೆ ನಿಮಗೂ ಕಷ್ಟ, ಅವನಿಗೂ ಕಷ್ಟ. ಅವನ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಮಾರುವುದೋ ಬಿಡುವುದೋ ಆಮೇಲೆ ನೋಡೋಣ, ಮೊದಲು ನಿಮ್ಮ ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸಿ. ಯಾವ ಜಾಬ್ ಫಾಸ್ಫೇಟಿಂಗ್ (ಬಣ್ಣ ಹಿಡಿಯಲು ಲೋಹವನ್ನು ರಾಸಾಯನಿಕದಲ್ಲಿ ಅದ್ದುವ) ಟ್ಯಾಂಕ್‌ನಲ್ಲಿ ಎಷ್ಟು ಹೊತ್ತು ಇರಬೇಕು, ಯಾವ ಪೌಡರ್‌ಗೆ ಓವನ್ 180 ಡಿಗ್ರಿ, ಯಾವುದಕ್ಕೆ 200, ದಪ್ಪ ಶೀಟ್ ಬಂದರೆ ಎಷ್ಟು ನಿಮಿಷ ಜಾಸ್ತಿ, ಯಾವ ಗಿರಾಕಿಗೆ ಯಾವ ಶೇಡ್. ನೀವು ಒಂದು ವಾರ ಊರಿಗೆ ಹೋದರೂ ಘಟಕ ನಡೆಯುತ್ತದೆ ಅಂತಾದರೆ ಮಾತ್ರ ಕೊಳ್ಳುವವರು ಒಳ್ಳೆಯ ಬೆಲೆ ಕೊಡುತ್ತಾರೆ. ಇಲ್ಲದಿದ್ದರೆ ಓವನ್, ಬೂತ್, ಟ್ಯಾಂಕುಗಳ ಗುಜರಿ ಬೆಲೆಗೆ ಕೇಳುತ್ತಾರೆ.

ಕೆಲಸದವರ ಲೆಕ್ಕವನ್ನೂ ಈಗಲೇ ತೆಗೆಯಿರಿ. ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಗ್ರಾಚ್ಯುಟಿ ಬರುತ್ತದೆ, ಐದು ವರ್ಷ ದಾಟಿದ ಕಾಯಂ ಕೆಲಸಗಾರರಿಗೆ ವರ್ಷಕ್ಕೆ 15 ದಿನದ ಸಂಬಳದಂತೆ. ಇಪ್ಪತ್ತು ವರ್ಷದಿಂದ ಇರುವವರಿದ್ದರೆ ಅದೇ ದೊಡ್ಡ ಮೊತ್ತ. ಬೆಲೆ ಮಾತಾಡುವಾಗ ಅದು ಯಾರ ತಲೆ ಮೇಲೆ ಅನ್ನುವುದು ತೀರ್ಮಾನ ಆಗಿರಬೇಕು. ಮತ್ತೆ ಬ್ರೋಕರ್ ಹತ್ತಿರ ಹೋಗುವ ಮುಂಚೆ ನಿಮ್ಮ ಫೋರ್‌ಮನ್ ಜೊತೆ ಕೂತು ಮಾತಾಡಿ. ಮಾರುವ ಸುದ್ದಿ ಅವರಿಗೆ ಎದುರಿನ ಟೀ ಅಂಗಡಿಯಲ್ಲಿ ಗೊತ್ತಾಗುವುದು ಬೇಡ. ಅವರೇ ಒಬ್ಬ ಪಾಲುದಾರರನ್ನು ಸೇರಿಸಿಕೊಂಡು ತೆಗೆದುಕೊಳ್ಳುತ್ತೇನೆ ಅನ್ನಬಹುದು. ದುಡ್ಡು ಕಂತಿನಲ್ಲಿ ಬರುತ್ತದೆ, ಆದರೆ ಗಿರಾಕಿಗಳು ಉಳಿಯುತ್ತಾರೆ, ಕೆಲಸದವರೂ ಉಳಿಯುತ್ತಾರೆ. ನಾನಾಗಿದ್ದರೆ ಮೊದಲು ಅವರನ್ನೇ ಕೇಳುತ್ತಿದ್ದೆ. ಮೂರು ವರ್ಷದ ಬ್ಯಾಲೆನ್ಸ್ ಶೀಟ್ ಮತ್ತು ಜಾಗ ಸ್ವಂತದ್ದೋ ಬಾಡಿಗೆಯದ್ದೋ ಅನ್ನುವುದನ್ನು ಬರೆದು ಕಳಿಸಿ. ಬೆಲೆ ಕಟ್ಟುವುದು ಹೇಗೆ ಅಂತ ಮುಂದಿನ ಸಂಚಿಕೆಯಲ್ಲಿ ನೋಡೋಣ.