ಓದುಗರ ಪ್ರಶ್ನೆ: ಸರ್ವರಿಗೆ ಅಪ್‌ಡೇಟ್ ಹಾಕದಿದ್ದರೆ ನಡೆಯುವುದಿಲ್ಲವೇ?

ಪ್ರಶ್ನೆ: ಬದಿಯಡ್ಕ ಸಮೀಪದ ಒಂದು ಸಹಕಾರಿ ಸಂಘದಲ್ಲಿ ನಾನು ಲೆಕ್ಕಪತ್ರದ ಜೊತೆಗೆ ಕಂಪ್ಯೂಟರುಗಳನ್ನೂ ನೋಡಿಕೊಳ್ಳುತ್ತೇನೆ. ಠೇವಣಿ, ಸಾಲ, ಅಡಿಕೆ ಖರೀದಿಯ ಲೆಕ್ಕವೆಲ್ಲ ವಿಂಡೋಸ್ ಸರ್ವರ್ 2012 ಆರ್2 ಇರುವ ಒಂದೇ ಯಂತ್ರದಲ್ಲಿದೆ. ಅಪ್‌ಡೇಟ್ ಹಾಕಿದ ಮೇಲೆ ಪ್ರೋಗ್ರಾಂ ನಿಂತರೆ ತಾವು ಹೊಣೆಯಲ್ಲವೆಂದು ಹೇಳಿ ಸಾಫ್ಟ್‌ವೇರ್ ಕಂಪೆನಿಯವರು ಅದನ್ನು ಬಂದ್ ಮಾಡಿಸಿದ್ದಾರೆ. ಇಷ್ಟು ವರ್ಷ ಏನೂ ಆಗಿಲ್ಲ, ಈ ಮೂಲೆಯ ಸಂಘದ ಮೇಲೆ ಯಾರಿಗೆ ಕಣ್ಣು ಎಂದು ಅಧ್ಯಕ್ಷರು ಕೇಳುತ್ತಾರೆ. ನಾನೇನು ಮಾಡಲಿ?
(ಹೆಸರು ಬೇಡವೆಂದ ಓದುಗರು)

ಉತ್ತರ: ಅಧ್ಯಕ್ಷರ ಪ್ರಶ್ನೆಗೆ ಕೇರಳದಲ್ಲಿಯೇ ಉತ್ತರವಿದೆ. 2017ರ ಮೇ 12ರಂದು ಹರಡತೊಡಗಿ ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳನ್ನು ಕಂಗೆಡಿಸಿದ ವನ್ನಾಕ್ರೈ ಎಂಬ ಸುಲಿಗೆ ವೈರಸ್, ಕೆಲವೇ ದಿನಗಳಲ್ಲಿ ವಯನಾಡು ಮತ್ತು ಪತ್ತನಂತಿಟ್ಟ ಜಿಲ್ಲೆಗಳ ಪಂಚಾಯತ್ ಕಚೇರಿಗಳ ಕಂಪ್ಯೂಟರುಗಳಲ್ಲಿಯೂ ಕಾಣಿಸಿಕೊಂಡು, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಆ ಪಂಚಾಯತುಗಳನ್ನು ಯಾರೂ ಹೆಸರು ಹಿಡಿದು ಹುಡುಕಿಕೊಂಡು ಬಂದದ್ದಲ್ಲ. ವಿಂಡೋಸ್ ಯಂತ್ರಗಳು ತಮ್ಮೊಳಗೆ ಕಡತ ಹಂಚಿಕೊಳ್ಳುವ ಎಸ್‌ಎಂಬಿ ಎಂಬ ವ್ಯವಸ್ಥೆಯ ಲೋಪವೊಂದನ್ನು ಹಿಡಿದುಕೊಂಡು, ಆ ವೈರಸ್ ಸಿಕ್ಕ ಸಿಕ್ಕ ವಿಳಾಸದ ಬಾಗಿಲನ್ನು ತಾನಾಗಿಯೇ ತಟ್ಟುತ್ತಾ ಹೋಗಿತ್ತು.

ಇಲ್ಲಿ ತಾರೀಕುಗಳನ್ನು ನೋಡಬೇಕು. ಆ ಲೋಪಕ್ಕೆ ಮೈಕ್ರೋಸಾಫ್ಟ್ ಪ್ಯಾಚ್ (ಲೋಪ ಮುಚ್ಚುವ ಅಪ್‌ಡೇಟ್) ಕೊಟ್ಟದ್ದು ಅದೇ ವರ್ಷದ ಮಾರ್ಚ್ 14ರಂದು, ಎಂದರೆ 59 ದಿನ ಮೊದಲೇ. ಅಮೆರಿಕದ ಈಕ್ವಿಫ್ಯಾಕ್ಸ್ ಎಂಬ ಸಾಲಮಾಹಿತಿ ಸಂಸ್ಥೆಯಲ್ಲಿ ಅದೇ ವರ್ಷ ನಡೆದದ್ದೂ ಹೀಗೆಯೇ: ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದ ಲೋಪಕ್ಕೆ ಮಾರ್ಚ್ ತಿಂಗಳಲ್ಲಿಯೇ ಪರಿಹಾರ ಬಂದಿದ್ದರೂ ಅದನ್ನು ಒಂದು ಜಾಲತಾಣಕ್ಕೆ ಹಾಕದೆ ಉಳಿದುದರಿಂದ, ಮೇ ತಿಂಗಳಲ್ಲಿ ಒಳನುಗ್ಗಿದ ಕಳ್ಳರಿಗೆ ಸುಮಾರು 14.7 ಕೋಟಿ ಜನರ ವಿವರಗಳು ದಕ್ಕಿದವು.

ಮಳೆ ಹಿಡಿಯುವ ಮೊದಲೇ ಅಡಿಕೆಗೆ ಬೋರ್ಡೋ ಮದ್ದು ಬಿಡಬೇಕೆಂಬುದನ್ನು ನಮ್ಮ ಊರಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಪ್ಯಾಚಿನ ಸಂಗತಿ ಅದಕ್ಕಿಂತ ಒಂದು ಹೆಜ್ಜೆ ಕಠಿಣ. ನೆರೆಯವರು ಮದ್ದು ಬಿಟ್ಟರೆಂಬ ಕಾರಣಕ್ಕೆ ನಿಮ್ಮ ತೋಟಕ್ಕೆ ಕೊಳೆರೋಗ ಬರುವುದಿಲ್ಲ. ಆದರೆ ಪ್ಯಾಚ್ ಹೊರಬಂದರೆ, ಅದನ್ನು ಹಾಕಿಕೊಳ್ಳದವರ ಅಪಾಯ ಅಂದಿನಿಂದಲೇ ಹೆಚ್ಚುತ್ತದೆ. ಪ್ರೋಗ್ರಾಮಿನ ಹಳೆಯ ಕಡತವನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಎಲ್ಲಿ ತಿದ್ದಲಾಗಿದೆಯೆಂದು ನೋಡಿದರೆ, ಲೋಪ ಎಲ್ಲಿತ್ತೆಂಬುದು ಬಲ್ಲ ಕಳ್ಳನಿಗೆ ತಿಳಿಯುತ್ತದೆ. ಆದ್ದರಿಂದ "ಇಷ್ಟು ವರ್ಷ ಏನೂ ಆಗಿಲ್ಲ" ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ.

ಸಾಫ್ಟ್‌ವೇರ್ ಕಂಪೆನಿಯವರ ಹೆದರಿಕೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ದೋಷಯುಕ್ತ ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತದ್ದು ಸುಳ್ಳಲ್ಲ. ಆದರೆ ಅದರಿಂದ ಕಲಿಯಬೇಕಾದದ್ದು ಮೊದಲು ಬೇರೆ ಯಂತ್ರದಲ್ಲಿ ಹಾಕಿ ನೋಡಬೇಕೆಂಬುದನ್ನೇ ಹೊರತು, ಹಾಕಲೇಬಾರದೆಂಬುದನ್ನಲ್ಲ. ಒಂದು ಹಳೆಯ ಕಂಪ್ಯೂಟರಿನಲ್ಲಿ ಸರ್ವರಿನ ನಕಲನ್ನಿಟ್ಟು, ಶನಿವಾರ ಸಂಜೆ ಕೌಂಟರ್ ಮುಚ್ಚಿದ ಮೇಲೆ ಅಪ್‌ಡೇಟ್ ಹಾಕಿ, ಒಂದು ಠೇವಣಿ ರಶೀದಿ, ಒಂದು ಬಡ್ಡಿ ಲೆಕ್ಕ, ದಿನದ ಕೊನೆಯ ಜಮಾಖರ್ಚು ಸರಿಯಾಗಿ ಬರುತ್ತದೆಯೇ ಎಂದು ನೋಡಲು ಎರಡು ಗಂಟೆ ಸಾಕು.

ಆದರೂ ನಿಮ್ಮ ಯಂತ್ರಕ್ಕೆ ಇದು ಅರ್ಧ ಪರಿಹಾರ ಮಾತ್ರ. 2012 ಆರ್2ಗೆ ಮೈಕ್ರೋಸಾಫ್ಟ್ 2023ರ ಅಕ್ಟೋಬರ್ 10ರಂದು ಸಾಮಾನ್ಯ ಬೆಂಬಲ ನಿಲ್ಲಿಸಿದೆ. ಅದುವರೆಗಿನ ಪ್ಯಾಚುಗಳನ್ನು ಈಗಲೂ ಹಾಕಬಹುದು, ಹಾಕಲೇಬೇಕು. ಅನಂತರದವು ಹಣ ತೆತ್ತವರಿಗೆ ಮಾತ್ರ, ಅದೂ 2026ರ ಅಕ್ಟೋಬರಿನವರೆಗೆ. ಹೊಸ ಸರ್ವರಿನ ಖರ್ಚನ್ನು ಮುಂದಿನ ಆಡಳಿತ ಮಂಡಳಿ ಸಭೆಯ ಮುಂದಿಡಿ, ಅಪ್‌ಡೇಟ್ ಬೇಡವೆಂಬ ಮಾತನ್ನು ಕಂಪೆನಿಯವರಿಂದ ಬರಹದಲ್ಲಿ ಕೇಳಿ. ಬಾಯಿಮಾತಿನಲ್ಲಿ ಧೈರ್ಯವಾಗಿ ಹೇಳಿದವರು ಸಹಿ ಹಾಕುವಾಗ ಎರಡು ಬಾರಿ ಯೋಚಿಸುತ್ತಾರೆ ಎಂಬುದು ನನ್ನ ಅನುಭವ.

ಅಷ್ಟರವರೆಗೆ ಎರಡು ಕೆಲಸಗಳಿವೆ. ಸರ್ವಿಸಿನ ಹುಡುಗರು ದೂರದಿಂದಲೇ ಯಂತ್ರ ತೆರೆಯಲೆಂದು ರೂಟರಿನಲ್ಲಿ ರಿಮೋಟ್ ಡೆಸ್ಕ್‌ಟಾಪಿನ 3389 ಎಂಬ ಪೋರ್ಟನ್ನು, ಎಂದರೆ ಒಳಬರುವ ಬಾಗಿಲನ್ನು, ಅಂತರ್ಜಾಲಕ್ಕೆ ತೆರೆದಿಟ್ಟಿರುವುದುಂಟು. ಇದ್ದರೆ ಇವತ್ತೇ ಮುಚ್ಚಿಸಿ. ಇನ್ನೊಂದು ಬ್ಯಾಕಪ್. ಕುಂಬಳೆ ಕಡೆಯ ಒಂದು ಕಚೇರಿಯಲ್ಲಿ ನಾನು ನೋಡಿದ ಸರ್ವರ್ ಮೇಜಿನಡಿಯಲ್ಲಿತ್ತು, ಮೇಲೆ "ಆಫ್ ಮಾಡಬಾರದು" ಎಂಬ ಚೀಟಿ, ಹಿಂಬದಿಯಲ್ಲಿ ವರ್ಷಗಳಿಂದ ತೆಗೆಯದೆ ಸಿಕ್ಕಿಸಿಟ್ಟ ಬ್ಯಾಕಪ್ ಹಾರ್ಡ್‌ಡಿಸ್ಕ್. ಸುಲಿಗೆ ವೈರಸ್ ಬಂದರೆ ಸರ್ವರಿನೊಡನೆ ಆ ಡಿಸ್ಕಿಗೂ ಬೀಗ ಬೀಳುತ್ತದೆ. ಬ್ಯಾಕಪ್ ಮುಗಿದೊಡನೆ ಡಿಸ್ಕನ್ನು ಬಿಡಿಸಿ ಕಪಾಟಿನಲ್ಲಿಡಿ, ಮೂರು ತಿಂಗಳಿಗೊಮ್ಮೆ ಅದರಿಂದ ಲೆಕ್ಕ ಮರಳಿ ಬರುತ್ತದೆಯೇ ಎಂದು ನೋಡಿ.

ಪ್ರಶ್ನೆ: ಎಲ್ಲ ಅಪ್‌ಡೇಟುಗಳೂ ಒಂದೇ ಅವಸರದವೇ? ಸೂಚನೆಗಳು ಬರುವುದೂ ಇಂಗ್ಲಿಷಿನಲ್ಲಿ.
(ಉಪ್ಪಳದ ಓದುಗರು)

ಉತ್ತರ: ಅಲ್ಲ. ಮೈಕ್ರೋಸಾಫ್ಟಿನವು ತಿಂಗಳ ಎರಡನೆಯ ಮಂಗಳವಾರ, ನಮಗೆ ರಾತ್ರಿಯ ಹೊತ್ತಿಗೆ, ಒಟ್ಟಾಗಿ ಬರುತ್ತವೆ. ಅಪ್‌ಡೇಟ್ ಸರಿಪಡಿಸುವ ಲೋಪವನ್ನು ಕಳ್ಳರು ಆಗಲೇ ಬಳಸುತ್ತಿದ್ದಾರೆಂದು ಸೂಚನೆಯಲ್ಲಿದ್ದರೆ, ಅಂದರೆ "ಎಕ್ಸ್‌ಪ್ಲಾಯ್ಟೆಡ್" ಎಂಬ ಪದ ಕಂಡರೆ, ಶನಿವಾರದವರೆಗೆ ಕಾಯಬೇಡಿ. ಅಂತರ್ಜಾಲಕ್ಕೆ ಮುಖ ಮಾಡಿರುವ ರೂಟರ್, ಇಮೇಲ್ ಸರ್ವರ್, ಜಾಲತಾಣ ಇವುಗಳದ್ದು ಮೊದಲು. ಒಳಗಿನ ಪ್ರಿಂಟರಿನದ್ದು ಕೊನೆಗೆ ಆದರೂ ನಡೆದೀತು. ಅಕಸ್ಮಾತ್ ದಾಳಿಯಾದದ್ದು ತಿಳಿದರೆ, 2022ರ ಏಪ್ರಿಲಿನ ನಿರ್ದೇಶನದ ಪ್ರಕಾರ 6 ಗಂಟೆಗಳೊಳಗೆ ಕಂಪ್ಯೂಟರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡಬೇಕು. ಅದರ ಇಮೇಲ್ ವಿಳಾಸವನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿಡಿ. ಕಂಪ್ಯೂಟರಿನೊಳಗೆ ಬರೆದಿಟ್ಟರೆ ಅಂದು ಅದು ತೆರೆಯುವುದಿಲ್ಲ.